ಫ್ಲೋಚಾರ್ಟಿನಲ್ಲಿ ಇಲ್ಲದ ದಾರಿ

ಹೋದ ವರ್ಷ ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ‘ಹಳೇ ಕಾಲದ ಪ್ರೋಗ್ರಾಮರ್’ ಅಂತ ಕರೆದು ಶಾಲು ಹೊದಿಸಿದರು. ಆಮೇಲೆ ಒಬ್ಬ ಮೇಷ್ಟ್ರು ಗೋಡೆಯ ಮೇಲೆ ಬಣ್ಣಬಣ್ಣದ ಗುಳ್ಳೆಗಳ ಚಿತ್ರ ಬಿಟ್ಟು, ಇದು ಲಕ್ಷಗಟ್ಟಲೆ ಸಾಲಿನ ಪ್ರೋಗ್ರಾಮಿನ ಒಳನೋಟ ಅಂದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಕೇಳಿದೆ: “ಆ ಕಿತ್ತಳೆ ಬಣ್ಣದ ಗುಳ್ಳೆ ಏನಪ್ಪ?”

“ಅದು ಇಂಪಾರ್ಟೆಂಟ್ ಭಾಗ ಮೇಡಂ.”

“ಹೇಗೆ ಗೊತ್ತಾಯ್ತು?”

“ದೊಡ್ಡದಾಗಿದೆಯಲ್ಲ ಮೇಡಂ.”

ಶಾಲು ಹೊದ್ದವರು ಜಗಳ ಆಡಬಾರದು. ಆದರೆ ಈ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಪ್ರೋಗ್ರಾಮಿನ ಚಿತ್ರಗಳನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಅವುಗಳಲ್ಲಿ ಬಹುಪಾಲು ಸುಳ್ಳು. ಒಂದೇ ಒಂದು ನಿಜವಾಗಿತ್ತು. ಅದನ್ನು ಬರೆದವಳೂ ನಾನೇ, ಅದರಲ್ಲಿ ಸಿಕ್ಕಿಬಿದ್ದವಳೂ ನಾನೇ.

ನನ್ನ ಹೆಸರು ಪಾರ್ವತಿ. ಊರು ನಿಟ್ಟೂರು. ಅಪ್ಪ ಅಲ್ಲಿನ ರೈಲ್ವೆ ಸ್ಟೇಷನ್‌ನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಲಿವರ್ ಎಳೆದು ಹಳಿ ಬದಲಿಸಿ ರೈಲನ್ನು ಈ ದಾರಿಗೋ ಆ ದಾರಿಗೋ ಬಿಡುವ ಕೆಲಸ. ನಾನು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ತುಮಕೂರಿನ ಒಂದು ಖಾಸಗಿ ದತ್ತಾಂಶ ಕೇಂದ್ರಕ್ಕೆ ಸೇರಿದೆ. ಹೆಸರು ಕೇಂದ್ರ. ಇದ್ದದ್ದು ಒಂದು ಅಕ್ಕಿ ಗೋಡೌನಿನ ಮೇಲಿನ ಮಹಡಿ. ಕಂಪ್ಯೂಟರ್ ನಮ್ಮ ಹತ್ತಿರ ಇರಲಿಲ್ಲ, ಅದು ಬೆಂಗಳೂರಿನಲ್ಲಿತ್ತು. ನಮ್ಮಲ್ಲಿದ್ದದ್ದು ಕಾರ್ಡಿಗೆ ತೂತು ಹಾಕುವ ಪಂಚಿಂಗ್ ಮೆಷಿನ್‌ಗಳು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ರಟ್ಟಿನ ಕಾರ್ಡು. ಆ ಕಾರ್ಡುಗಳನ್ನು ಟ್ರಂಕಿಗೆ ತುಂಬಿ ವಾರಕ್ಕೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಒಯ್ಯುವುದು, ಅಲ್ಲಿ ಬಾಡಿಗೆ ಯಂತ್ರದಲ್ಲಿ ಓಡಿಸಿ, ಅಚ್ಚಾದ ಪಟ್ಟಿ ಹೊತ್ತು ತರುವುದು. ಇದನ್ನೇ ನಮ್ಮ ಮ್ಯಾನೇಜರು ‘ಆಧುನಿಕ ತಂತ್ರಜ್ಞಾನ’ ಅನ್ನುತ್ತಿದ್ದರು.

ಮ್ಯಾನೇಜರ್ ವರದರಾಜ್ ಅವರ ಬಗ್ಗೆ ಹೇಳಲೇಬೇಕು. ಅವರ ಬಳಿ ಒಂದು ಹಸಿರು ಪ್ಲಾಸ್ಟಿಕ್ ಪಟ್ಟಿ ಇತ್ತು. ಅದರಲ್ಲಿ ಚೌಕ, ವಜ್ರಾಕಾರ, ಮೊಟ್ಟೆಯಾಕಾರದ ಕಂಡಿಗಳು. ಫ್ಲೋಚಾರ್ಟ್ ಬರೆಯಲು. ಪ್ರೋಗ್ರಾಮು ಯಾವ ದಾರಿಯಲ್ಲಿ ಸಾಗುತ್ತದೆ ಅಂತ ತೋರಿಸುವ ನಕ್ಷೆಗೆ ಫ್ಲೋಚಾರ್ಟ್ ಅನ್ನುತ್ತಾರೆ. ಪುಸ್ತಕದ ಪ್ರಕಾರ ಮೊದಲು ನಕ್ಷೆ, ಆಮೇಲೆ ಪ್ರೋಗ್ರಾಮು. ನಮ್ಮಲ್ಲಿ ಮೊದಲು ಪ್ರೋಗ್ರಾಮು, ಆಮೇಲೆ ತಪ್ಪು, ಆಮೇಲೆ ತಿದ್ದುಪಡಿ, ಎಲ್ಲ ಮುಗಿದ ಮೇಲೆ ಯಾರೋ ದೊಡ್ಡವರು ಬರುತ್ತಾರೆ ಅಂದಾಗ ನಕ್ಷೆ. ವರದರಾಜ್ ಪ್ರೋಗ್ರಾಮು ಓದಿದವರಲ್ಲ. ಓದಲು ಬರುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಪ್ರೋಗ್ರಾಮು ಹೇಗಿರಬೇಕಿತ್ತು ಅನ್ನುವುದನ್ನು ಬಲು ಅಂದವಾಗಿ ಬರೆಯುತ್ತಿದ್ದರು. ಪರೀಕ್ಷಾ ಫಲಿತಾಂಶದ ಫ್ಲೋಚಾರ್ಟಿಗಂತೂ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ, ದೇವರ ಪಟದ ಪಕ್ಕ ತೂಗುಹಾಕಿದ್ದರು.

ಆ ಫಲಿತಾಂಶದ ಪ್ರೋಗ್ರಾಮು ನಮ್ಮ ಕೇಂದ್ರದ ಅನ್ನ. ಶಿಕ್ಷಕರ ತರಬೇತಿಯ ಪರೀಕ್ಷೆ ನಡೆಸುವ ಒಂದು ಮಂಡಳಿಯ ಫಲಿತಾಂಶವನ್ನು ನಾವು ತಯಾರಿಸುತ್ತಿದ್ದೆವು. ಕೋಬಾಲ್ ಭಾಷೆಯಲ್ಲಿ ನಾಲ್ಕು ಸಾವಿರ ಸಾಲು. ಬರೆದ ಪುಣ್ಯಾತ್ಮ ಬೇರೆ ಕೆಲಸ ಸಿಕ್ಕಿ ಬೊಂಬಾಯಿಗೆ ಹೋಗಿದ್ದ. ಹೋಗುವಾಗ ಒಂದು ಟಿಪ್ಪಣಿಯನ್ನೂ ಬಿಟ್ಟು ಹೋಗಿರಲಿಲ್ಲ. ನಾನು ಪಂಚಿಂಗ್‌ನಿಂದ ಪ್ರೋಗ್ರಾಮಿಂಗ್‌ಗೆ ಬಡ್ತಿ ಪಡೆದ ಹೊಸದು. ಮಂಡಳಿಯವರು, ಎರಡನೇ ಸಲ ಪರೀಕ್ಷೆ ಬರೆಯುವವರಿಗೆ ಬೇರೆ ನಿಯಮ ಬಂದಿದೆ, ಅದನ್ನು ಸೇರಿಸಿ ಅಂದರು. ವರದರಾಜ್ ನನ್ನನ್ನು ಕರೆದು ಗೋಡೆ ತೋರಿಸಿದರು.

“ಮಿಸ್ ಪಾರ್ವತಿ, ನಾಲ್ಕು ಸಾವಿರ ಸಾಲು ಓದ್ತಾ ಕೂತ್ಕೋಬೇಡಿ. ಚಾರ್ಟ್ ನೋಡಿ. ಇಲ್ಲಿಂದ ಒಂದು ದಾರಿ ಒಡೆದು ಇಲ್ಲಿಗೆ ಸೇರಿಸಿ. ಮುಗೀತು.”

ನಾನು ಚಾರ್ಟ್ ನೋಡಿದೆ. ಇಲ್ಲಿಂದ ಒಡೆದು ಇಲ್ಲಿಗೆ ಸೇರಿಸಿದೆ. ಮುಗಿಯಿತು. ಒಂದೇ ವಾರದಲ್ಲಿ ಮುಗಿಸಿದಳು ಅಂತ ಎಲ್ಲರ ಮುಂದೆ ಹೊಗಳಿದರು. ನಾನು ಹಿಗ್ಗಿದೆ. ಅದಾಗಿ ಮೂರು ಪರೀಕ್ಷೆ ಕಳೆದವು.

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ದಿನ ಬೆಳಿಗ್ಗೆ ಗೌರಮ್ಮ ಅನ್ನುವ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಮೂವತ್ತರ ಹತ್ತಿರದ ವಯಸ್ಸು. ಹುಲಿಯೂರುದುರ್ಗದವಳು, ಕುಣಿಗಲ್ ಕೇಂದ್ರದಲ್ಲಿ ಪರೀಕ್ಷೆ ಬರೆದಿದ್ದಳು. ಮೊದಲ ಸಲ ಗಣಿತ ಒಂದು ಹೋಗಿತ್ತು. ಎರಡನೇ ಸಲ ಅದೊಂದನ್ನೇ ಬರೆದಿದ್ದಳು. ಆಗೆಲ್ಲ ಫೇಲಾದವರಿಗೆ ಅಂಕ ತಿಳಿಸುತ್ತಿರಲಿಲ್ಲ. ಪಟ್ಟಿಯಲ್ಲಿ ನಂಬರಿನ ಮುಂದೆ ಒಂದು ‘ಎಫ್’ ಅಷ್ಟೇ. ಮಂಡಳಿಯವರು ಅವಳನ್ನು ಎರಡು ಸಲ ವಾಪಸು ಕಳಿಸಿದ್ದರು. ಅಲ್ಲಿನ ಗುಮಾಸ್ತ ಯಾರೋ, ಪಟ್ಟಿ ಮಾಡೋರು ತುಮಕೂರಲ್ಲಿದ್ದಾರೆ ಅಂದಿದ್ದನಂತೆ. ಹುಡುಕಿಕೊಂಡು ಬಂದಿದ್ದಳು.

ವರದರಾಜ್ ಕೂರಿ ಅನ್ನಲಿಲ್ಲ. “ನೋಡಮ್ಮ, ಮನುಷ್ಯ ತಪ್ಪು ಮಾಡಬಹುದು. ಕಂಪ್ಯೂಟರ್ ಮಾಡಲ್ಲ.”

“ನನ್ ಪಕ್ಕದಲ್ಲಿ ಕೂತು ಬರ್ದೋರು ನಾಕು ಜನಕ್ಕೆ ಗಣಿತ ಹೇಳ್ಕೊಟ್ಟೋಳು ನಾನು ಸಾರ್. ನಾಕೂ ಜನ ಪಾಸಾಗವ್ರೆ. ನಾನು ಹೆಂಗೆ ಫೇಲಾಯ್ತೀನಿ?”

“ಹೇಳ್ಕೊಡೋದು ಬೇರೆ, ಬರಿಯೋದು ಬೇರೆ.” ತಮ್ಮ ಹಿಂದಿನ ಚಾರ್ಟಿಗೆ ಬೆರಳು ತೋರಿಸಿದರು. “ಇಲ್ಲಿ ಮಾರ್ಕ್ಸ್ ಓದುತ್ತೆ. ಇಲ್ಲಿ ಕೂಡುತ್ತೆ. ಇಲ್ಲಿ ಪಾಸಾ ಫೇಲಾ ನೋಡುತ್ತೆ. ತಪ್ಪೋಕೆ ದಾರಿ ಎಲ್ಲಿದೆ? ತೋರಿಸಿ.”

ಆ ಹೆಂಗಸು ನಿಜವಾಗಿಯೂ ಚಾರ್ಟಿನ ಹತ್ತಿರ ಹೋಗಿ ನೋಡಿದಳು. ಏನೂ ತಿಳಿಯದೆ ಕಣ್ಣು ತುಂಬಿಕೊಂಡು ಇಳಿದು ಹೋದಳು. ಒಂದು ಚಿತ್ರ ಇಟ್ಟುಕೊಂಡು ಒಬ್ಬ ಮನುಷ್ಯನ ಬಾಯಿ ಮುಚ್ಚಿಸುವುದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಬಹಳ ಸಲ ಕಂಡಿದ್ದೇನೆ.

ಪಂಚಿಂಗ್ ವಿಭಾಗದ ಮುಖ್ಯಸ್ಥೆ ಪುಟ್ಟತಾಯಮ್ಮ. ಬೆಳ್ಳಾವಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ನಾಲಿಗೆ ಹರಿತ. ಅವಳು ಮೂಲೆಯ ಪೆಟ್ಟಿಗೆಯಿಂದ ಗೌರಮ್ಮನ ಕಾರ್ಡು ಹುಡುಕಿ ತೆಗೆದು, ಬೆಳಕಿಗೆ ಹಿಡಿದು ತೂತುಗಳನ್ನು ಓದಿದಳು.

“ಎಪ್ಪತ್ತೊಂದು ಕಣೇ. ಗಣಿತಕ್ಕೆ ಎಪ್ಪತ್ತೊಂದು ಅಂತ ತೂತು ಹಾಕಿದೀವಿ. ಇದ್ಯಾವ ಸೀಮೆ ಫೇಲು?”

ನಾನು ಆ ವಾರ ಬೆಂಗಳೂರಿಗೆ ಹೋದಾಗ ಆ ಕಾರ್ಡೊಂದನ್ನೇ ಹಾಕಿ ಪ್ರೋಗ್ರಾಮು ಓಡಿಸಿದೆ. ಪಾಸ್ ಅಂತ ಬಂತು. ವಾಪಸು ಬಂದು ಹೇಳಿದರೆ ವರದರಾಜ್ ನಕ್ಕರು. “ಅಂದ್ರೆ ಪ್ರೋಗ್ರಾಮ್ ಸರಿಯಾಗಿದೆ ಅಂತಾಯ್ತಲ್ಲ?” ಅದೇ ಪ್ರೋಗ್ರಾಮು ಅದೇ ಕಾರ್ಡಿಗೆ ಹೋದ ತಿಂಗಳು ಫೇಲ್ ಅಂದಿದೆಯಲ್ಲ ಸಾರ್ ಅಂದೆ. “ಆವತ್ತು ಪ್ರಿಂಟರ್ ಸರಿ ಇರಲಿಲ್ಲವೇನೋ” ಅಂದರು. ಚಾರ್ಟಿನಲ್ಲಿ ಪ್ರಿಂಟರ್ ಇರಲಿಲ್ಲ, ಹಾಗಾಗಿ ತಪ್ಪು ಅಲ್ಲೇ ಇರಬೇಕು!

ದಾರಿ ತೋರಿಸಿದವಳು ಪುಟ್ಟತಾಯಮ್ಮ. “ಒಬ್ಬಳ್ದೇ ಯಾಕೆ ಹಾಕ್ದೆ? ಆವತ್ತು ಹೆಂಗೆ ಹಾಕಿದ್ವೋ ಹಂಗೇ ಕುಣಿಗಲ್ ಕಟ್ಟು ಪೂರ್ತಿ ಹಾಕು.”

ಹಾಕಿದೆ. ಫೇಲ್ ಅಂತ ಬಂತು. ಒಬ್ಬಳೇ ಇದ್ದರೆ ಪಾಸು, ಸಾಲಿನಲ್ಲಿ ನಿಂತರೆ ಫೇಲು. ಅಂದರೆ ಇದು ಗೌರಮ್ಮ ಒಬ್ಬಳ ವಿಷಯ ಆಗಿರಲು ಸಾಧ್ಯವಿರಲಿಲ್ಲ.

ನಾಲ್ಕು ಸಾವಿರ ಸಾಲು ಓದಲು ಕೂತೆ. ಮೂರು ದಿನ ಓದಿದೆ. ‘ಇಲ್ಲಿಂದ ಅಲ್ಲಿಗೆ ಹೋಗು, ಅಲ್ಲಿಂದ ಇಲ್ಲಿಗೆ ಬಾ’ ಅಂತ ನೂರಾರು ಕಡೆ. ಹತ್ತು ಪುಟ ಓದುವಷ್ಟರಲ್ಲಿ ಎಲ್ಲಿಂದ ಹೊರಟೆ ಅನ್ನುವುದೇ ಮರೆತುಹೋಗುತ್ತಿತ್ತು. ಓದಿ ತಿಳಿಯುವಂಥದ್ದಲ್ಲ ಅಂತ ಅರ್ಥವಾಯಿತು.

ಕೋಬಾಲ್ ಪ್ರೋಗ್ರಾಮನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕೆ ಹೆಸರಿಟ್ಟಿರುತ್ತಾರೆ. ಆ ಬೆಂಗಳೂರಿನ ಯಂತ್ರದಲ್ಲಿ ಒಂದು ಅನುಕೂಲ ಇತ್ತು. ಕೇಳಿದರೆ, ಪ್ರೋಗ್ರಾಮು ಓಡುವಾಗ ಯಾವ ತುಂಡಿನಿಂದ ಯಾವ ತುಂಡಿಗೆ ಹೋಯಿತು ಅಂತ ಹೆಸರುಗಳನ್ನು ಒಂದರ ಕೆಳಗೊಂದು ಅಚ್ಚು ಹಾಕಿಕೊಡುತ್ತಿತ್ತು. ನಾನು ಕೇಳಿದೆ. ತೊಡೆಯೆತ್ತರದ ಕಾಗದದ ರಾಶಿ ಬಂತು. ಅದನ್ನು ಓದುವುದೂ ಹುಚ್ಚೇ. ಆಗ ತುಮಕೂರಿನ ನಮ್ಮ ಕ್ಯಾಂಟೀನಿನ ಉದ್ದನೆಯ ಗೋಡೆ ಕಣ್ಣಿಗೆ ಬಿತ್ತು. ಹಳೆಯ ಪ್ರಿಂಟ್‌ಔಟಿನ ಹಿಂಬದಿ ಖಾಲಿ ಹಾಳೆಗಳನ್ನು ಮೈದಾ ಗೋಂದಿನಲ್ಲಿ ಗೋಡೆಗೆ ಅಂಟಿಸಿದೆವು. ಪ್ರೋಗ್ರಾಮಿನ ಒಂದೊಂದು ತುಂಡಿಗೂ ಒಂದೊಂದು ಚೌಕ. ಆಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಕಾರ್ಡು ನಿಜವಾಗಿ ಹೋದ ದಾರಿಯನ್ನು ಪೆನ್ಸಿಲ್ಲಿನಲ್ಲಿ ಎಳೆಯುತ್ತ ಹೋದೆ. ಸರಿಯಾದ ಫಲಿತಾಂಶ ಬಂದವರಿಗೆ ನೀಲಿ. ಗೌರಮ್ಮನಿಗೆ ಕೆಂಪು.

“ಏನ್ಲೇ ಪಾರ್ವತಿ, ಗೋಡೆ ತುಂಬ ರಂಗೋಲಿ ಬಿಡ್ತಿದೀಯ?” ಅಂತ ಪುಟ್ಟತಾಯಮ್ಮ ಆಡಿಕೊಂಡಳು. ಆದರೆ ಪಕ್ಕದಲ್ಲಿ ನಿಂತು ರಾಶಿಯಿಂದ ಹೆಸರು ಓದಿ ಹೇಳಿದವಳೂ ಅವಳೇ. ನಾಲ್ಕು ದಿನ ಊಟದ ಬಿಡುವಿನಲ್ಲಿ ಓದಿದಳು.

ನಾಲ್ಕನೇ ದಿನ ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು. ಇಪ್ಪತ್ತು ನೀಲಿ ಗೆರೆಗಳು ಒಟ್ಟಾಗಿ ಹೋಗುತ್ತಿದ್ದವು. ಕೆಂಪು ಗೆರೆ ಒಂದು ಕಡೆ ಕವಲೊಡೆದು, ಅಂಕ ಓದುವ ಚೌಕವನ್ನು ಮುಟ್ಟದೆ, ಸುತ್ತು ಹೊಡೆದು ನೇರ ಫಲಿತಾಂಶಕ್ಕೆ ಹೋಗಿತ್ತು. ಅಂಕ ಓದದಿದ್ದರೆ ಸೊನ್ನೆ. ಸೊನ್ನೆ ಅಂದರೆ ಫೇಲು. ಅಂಥ ಒಂದು ದಾರಿ ಇದೆ ಅಂತ ವರದರಾಜ್ ಸಾಹೇಬರ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ.

“ಇವಳಿಗಿಂತ ಮುಂಚಿನ ಕಾರ್ಡು ಯಾರ್ದು ನೋಡು” ಅಂದೆ. ಪರೀಕ್ಷೆಗೆ ಗೈರುಹಾಜರಾದವನದು.

ಆಗ ಎಲ್ಲ ಹೊಳೆಯಿತು. ಬೊಂಬಾಯಿಗೆ ಹೋದ ಮಹಾಶಯ ಪ್ರೋಗ್ರಾಮಿನೊಳಗೆ ಒಂದು ಲಿವರ್ ಇಟ್ಟಿದ್ದ. ಕೋಬಾಲಿನಲ್ಲಿ ಹಾಗೆ ಮಾಡಲು ಬರುತ್ತಿತ್ತು. ಓಡುತ್ತಿರುವಾಗಲೇ ‘ಇನ್ನು ಮೇಲೆ ಅಲ್ಲಿಗಲ್ಲ, ಇಲ್ಲಿಗೆ ಹೋಗು’ ಅಂತ ದಾರಿ ತಿರುಗಿಸುವುದು. ಗೈರುಹಾಜರಾದವನ ಕಾರ್ಡು ಬಂದರೆ, ಅಂಕ ಓದದೆ ಮುಂದೆ ಹೋಗುವಂತೆ, ಪ್ರೋಗ್ರಾಮು ಲಿವರ್ ಎಳೆಯುತ್ತಿತ್ತು. ಮುಂದಿನ ಅಭ್ಯರ್ಥಿ ಬಂದ ತಕ್ಷಣ, ದಾರಿಯ ಮೊದಲಲ್ಲೇ, ಲಿವರನ್ನು ಸ್ವಸ್ಥಾನಕ್ಕೆ ತರುತ್ತಿತ್ತು. ಅಪ್ಪ ಸ್ಟೇಷನ್ನಿನಲ್ಲಿ ಮಾಡುತ್ತಿದ್ದದ್ದೂ ಅದೇ. ಒಂದು ರೈಲು ಹೋದ ಮೇಲೆ ಲಿವರ್ ವಾಪಸು ಎಳೆಯದಿದ್ದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಲ್ಲಿ ವಾಪಸು ಎಳೆಯದೆ ಹೋದದ್ದು ಯಾಕೆ? ಎರಡನೇ ಸಲ ಬರೆಯುವವರು ಆ ಮೊದಲಿನ ಜಾಗಕ್ಕೆ ಹೋಗುತ್ತಲೇ ಇರಲಿಲ್ಲ. ಅವರಿಗೆ ಬೇರೆ ದಾರಿ. ಆ ದಾರಿ ಮಾಡಿದವಳು ನಾನು. ಗೋಡೆಯ ಮೇಲೆ ಕೆಂಪು ಗೆರೆ ಹಾದುಹೋದ ಚೌಕದಲ್ಲಿ ನಾನೇ ಇಟ್ಟ ಹೆಸರಿತ್ತು. ಒಂದು ವಾರದಲ್ಲಿ ಮುಗಿಸಿ, ಹೊಗಳಿಸಿಕೊಂಡು, ಹಿಗ್ಗಿದ ಕೆಲಸ.

ಪುಟ್ಟತಾಯಮ್ಮ ನನ್ನ ಮುಖ ನೋಡಿದಳು. “ಟೀ ಕುಡಿ ಬಾ” ಅಂದಳು.

ಹಳೆಯ ಎರಡು ಪರೀಕ್ಷೆಗಳ ಕಾರ್ಡುಗಳೂ ಕೆಳಗಿನ ಗೋಡೌನಿನಲ್ಲಿದ್ದವು. ಗೈರುಹಾಜರಾದವರ ಹಿಂದೆಯೇ ನಿಂತ, ಎರಡನೇ ಸಲ ಬರೆದವರ ಕಾರ್ಡುಗಳನ್ನು ಇಬ್ಬರೂ ಕೈಯಲ್ಲೇ ಆರಿಸಿದೆವು. ಪಾಸಾಗುವಷ್ಟು ಅಂಕ ಇದ್ದೂ ಫೇಲ್ ಅನ್ನಿಸಿಕೊಂಡವರು ಒಟ್ಟು ಹತ್ತೊಂಬತ್ತು ಜನ. ಎಲ್ಲರೂ ಮೊದಲೇ ಒಂದು ಸಲ ಫೇಲಾದವರು. ಅದಕ್ಕೇ ಯಾರೂ ಬಂದು ಕೇಳಿರಲಿಲ್ಲ. ಒಂದು ಸಲ ಸೋತವರು ಎರಡನೇ ಸಲ ಸೋತೆ ಅಂದರೆ ಬೇಗ ನಂಬುತ್ತಾರೆ. ಗೌರಮ್ಮ ಒಬ್ಬಳು ನಂಬಲಿಲ್ಲ.

ವರದರಾಜರಿಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. “ಮಂಡಳಿ ಸೆಕ್ರೆಟರಿ ಈ ಗುರುವಾರ ಬರ್ತಿದ್ದಾರೆ. ಮುಂದಿನ ವರ್ಷದ ಕೆಲಸ ನಮಗೆ ಕೊಡಬೇಕಾ ಬೇಡವಾ ಅಂತ ನೋಡೋಕೆ. ಈ ಮಾತು ಈ ರೂಮು ದಾಟಬಾರದು. ಆ ಗೋಡೆ ಕಿತ್ತು ಹಾಕಿ.”

“ಹತ್ತೊಂಬತ್ತು ಜನ ಸಾರ್.”

“ಮುಂದಿನ ಸಲ ಬರೀತಾರೆ, ಪಾಸಾಗ್ತಾರೆ.” ಆಮೇಲೆ ಸೇರಿಸಿದರು: “ತೀರಾ ಬೇಕು ಅಂದ್ರೆ ಪಂಚಿಂಗ್ ಮಿಸ್ಟೇಕು ಅಂತ ಹಾಕೋಣ. ಪುಟ್ಟತಾಯಮ್ಮನಿಗೆ ಒಂದು ಮೆಮೊ ಕೊಟ್ರಾಯ್ತು. ನಿಮ್ಮ ಹೆಸರೂ ಬರಲ್ಲ, ಯೋಚನೆ ಮಾಡಿ.”

ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ, ಎರಡು ದಿನ ಯೋಚನೆ ಮಾಡಿದೆ. ಗೋಡೆ ಮಾತ್ರ ಕೀಳಲಿಲ್ಲ.

ಗುರುವಾರ ಸೆಕ್ರೆಟರಿ ಬಸವಲಿಂಗಯ್ಯನವರು ಬಂದರು. ಹಿಂದೆ ಹೈಸ್ಕೂಲು ಹೆಡ್‌ಮಾಸ್ಟರ್ ಆಗಿದ್ದವರು, ಬಿಳಿ ಪಂಚೆ, ಕರಿ ಕೋಟು. ವರದರಾಜ್ ಕಟ್ಟು ಹಾಕಿದ ಚಾರ್ಟಿನ ಮುಂದೆ ಅರ್ಧ ಗಂಟೆ ವಿವರಿಸಿದರು. ಸೆಕ್ರೆಟರಿ ತಲೆ ಅಲ್ಲಾಡಿಸಿದ ರೀತಿ ನೋಡಿದರೆ ಒಂದಕ್ಷರ ಹತ್ತಿದಂತಿರಲಿಲ್ಲ. ಕೊನೆಗೆ, “ಕುಣಿಗಲ್ ಕಡೆಯಿಂದ ಒಬ್ಬ ಹೆಣ್ಣುಮಗಳು ದೂರು ಕೊಟ್ಟಿದ್ದಾಳಲ್ಲ?” ಅಂದರು.

“ಪಂಚಿಂಗ್ ಮಿಸ್ಟೇಕು ಸಾರ್. ಸಂಬಂಧಪಟ್ಟವರ ಮೇಲೆ ಕ್ರಮ ತಗೊಳ್ತಿದೀವಿ.”

ಬಾಗಿಲ ಬಳಿ ಪುಟ್ಟತಾಯಮ್ಮ ಕಡತ ಹಿಡಿದು ನಿಂತಿದ್ದಳು. ಅವಳ ಮುಖ ಕಂಡ ಮೇಲೆ ನನ್ನ ಯೋಚನೆ ಮುಗಿಯಿತು.

“ಪಂಚಿಂಗ್ ಅಲ್ಲ ಸಾರ್” ಅಂದೆ. “ತಪ್ಪು ನನ್ನದು. ಕ್ಯಾಂಟೀನಿಗೆ ಬಂದರೆ ತೋರಿಸ್ತೀನಿ.”

ವರದರಾಜ್ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹಿರಿಯರು ಅಷ್ಟರಲ್ಲಿ ಎದ್ದಾಗಿತ್ತು. ಗೋಡೆಯ ಮುಂದೆ ನಿಂತು ಕನ್ನಡಕ ಏರಿಸಿಕೊಂಡು, ನಾನು ಹೇಳುವ ಮೊದಲೇ, ಕೆಂಪು ಗೆರೆಯ ಮೇಲೆ ಬೆರಳಿಟ್ಟು ನಡೆಸಿಕೊಂಡು ಹೋದರು. ಕವಲು ಬಂದ ಕಡೆ ಬೆರಳು ನಿಂತಿತು.

“ಎಲ್ಲರೂ ಆ ಕಡೆ ಹೋದರೆ ಇವಳೊಬ್ಬಳು ಈ ಕಡೆ ಯಾಕೆ ಬಂದಳಮ್ಮ?”

ಹೇಳಿದೆ. ಐದು ನಿಮಿಷ ಹಿಡಿಯಿತು. ಕಂಪ್ಯೂಟರನ್ನು ಕಣ್ಣಲ್ಲೂ ಕಾಣದ ಆ ಮನುಷ್ಯನಿಗೆ ಪೂರ್ತಿ ಅರ್ಥವಾಯಿತು. ಮುಂದಿನ ಪ್ರಶ್ನೆ ಅವರೇ ಕೇಳಿದರು: “ಹಾಗಾದರೆ ಇಂಥವರು ಇನ್ನೆಷ್ಟು ಜನ?”

ಹತ್ತೊಂಬತ್ತು ಜನರ ಫಲಿತಾಂಶವೂ ತಿದ್ದುಪಡಿಯಾಯಿತು. ಗೌರಮ್ಮ ಮೇಷ್ಟ್ರಮ್ಮನಾದಳು. ಪುಟ್ಟತಾಯಮ್ಮನಿಗೆ ಮೆಮೊ ಬರಲಿಲ್ಲ. ನನಗೆ ಬಂತು, ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಎಚ್ಚರಿಕೆ. ಅದು ನ್ಯಾಯವೇ. ವರದರಾಜರಿಗೆ ಏನೂ ಆಗಲಿಲ್ಲ. ಅಂಥವರಿಗೆ ಆಗುವುದೂ ಇಲ್ಲ. ಎರಡೇ ತಿಂಗಳಲ್ಲಿ ಗೋಡೆಯ ನಕ್ಷೆಯನ್ನು ಹಸಿರು ಪಟ್ಟಿ ಹಿಡಿದು ನೀಟಾಗಿ ನಕಲು ಮಾಡಿ, ಲಿವರನ್ನು ಬಿಟ್ಟು ಉಳಿದದ್ದೆಲ್ಲ ಬರೆದು, ಹೊಸ ಕಟ್ಟು ಹಾಕಿಸಿದರು. ಲಿವರ್ ಯಾಕೆ ಬಿಟ್ಟಿರಿ ಸಾರ್ ಅಂದೆ. ಚಿತ್ರ ಗಲೀಜಾಗುತ್ತೆ ಅಂದರು.

ಇದಾಗಿ ಮೂರ್ನಾಲ್ಕು ವರ್ಷಕ್ಕೆ ನಮಗೂ ಸಣ್ಣ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಟೈ ಕಟ್ಟಿದ ಮಾರಾಟಗಾರನೊಬ್ಬ ಬಂದ. ಪ್ರೋಗ್ರಾಮು ಕೊಟ್ಟರೆ ಪರದೆಯ ಮೇಲೆ ತಾನೇ ಚಿತ್ರ ಬರೆದುಕೊಡುವ ಸಾಫ್ಟ್‌ವೇರ್ ಅವನ ಕೈಲಿತ್ತು. ತಾನು ತಂದಿದ್ದ ಮೂವತ್ತು ಸಾಲಿನ ಪ್ರೋಗ್ರಾಮಿಗೆ ಮುದ್ದಾದ ಮರದಂಥ ಚಿತ್ರ ಬರೆಸಿ ತೋರಿಸಿದ. ನಮ್ಮ ಫಲಿತಾಂಶದ ಪ್ರೋಗ್ರಾಮು ಹಾಕಪ್ಪ ಅಂದೆ. ಹಾಕಿದ. ಬಾಚದ ತಲೆಯ ಸಿಕ್ಕಿನಂಥದ್ದೊಂದು ಪರದೆ ತುಂಬ ಬಂತು. ಇದರಲ್ಲಿ ಲಿವರ್ ಎಲ್ಲಿದೆ ಅಂದೆ. “ಓಡೋವಾಗ ಆಗೋದನ್ನ ಇದು ತೋರಿಸಲ್ಲ ಮೇಡಂ, ಬರೆದಿರೋದನ್ನ ತೋರಿಸುತ್ತೆ” ಅಂದ. ಪಾಪ, ನಿಜ ಹೇಳಿದ. ವರದರಾಜ್ ಅದನ್ನು ಕೊಂಡರು. ಬಣ್ಣ ಚೆನ್ನಾಗಿತ್ತು.

ಹಾಗಾಗಿ ಮಕ್ಕಳೇ, ಯಾರಾದರೂ ಪ್ರೋಗ್ರಾಮಿನ ಚಿತ್ರ ತೋರಿಸಿದರೆ ಮೊದಲು ಕೇಳಿ, ಇದು ಓಡಿದ ದಾರಿಯೋ, ಓಡಬೇಕು ಅಂತ ಸಾಹೇಬರು ಅಂದುಕೊಂಡ ದಾರಿಯೋ ಅಂತ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಶಾಲು ಹೊದಿಸಿದ್ದರೂ ಪರವಾಗಿಲ್ಲ. ನಾನು ಎದ್ದು ಬರಲಿಲ್ಲ, ಅದೂ ತಪ್ಪೇ.

ಗುಬ್ಬಿಯ ವಿಷಯ ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ತಳ್ಳಿಕೊಂಡು ಬಂದೆ. ಹೇಳಿಬಿಡುತ್ತೇನೆ.

ಫಲಿತಾಂಶ ತಿದ್ದಿದ ಆ ಹತ್ತೊಂಬತ್ತರಲ್ಲಿ ಹದಿನೆಂಟು ಜನಕ್ಕೆ ಪಾಸಾದ ಕಾಗದ ತಲುಪಿತು. ಗುಬ್ಬಿಯ ಶಿವಣ್ಣ ಅನ್ನುವವನಿಗೆ ಕಳಿಸಿದ್ದು ವಾಪಸು ಬಂತು, ಆ ವಿಳಾಸದಲ್ಲಿ ಇಲ್ಲ ಅಂತ. ಅವನದು ಎಲ್ಲರಿಗಿಂತ ಹಳೆಯ ಪರೀಕ್ಷೆ. ನಾನೇ ಕೊಟ್ಟು ಬರುತ್ತೇನೆ ಅಂದೆ. ಪುಟ್ಟತಾಯಮ್ಮನೂ ರೈಲು ಹತ್ತಿದಳು. ವಿಚಾರಿಸುತ್ತ ಹೋದರೆ ಒಂದು ಹಿಟ್ಟಿನ ಗಿರಣಿಯಲ್ಲಿ ಸಿಕ್ಕ. ರೆಪ್ಪೆಯವರೆಗೂ ಹಿಟ್ಟು.

“ಶಿವಣ್ಣ ಅಂದ್ರೆ ನೀವೇನಾ?”

“ಹೂಂ ಕಣಮ್ಮ. ಏನ್ ತಂದಿದೀರಿ, ರಾಗಿನಾ ಗೋಧಿನಾ?”

ಕಾಗದ ಕೊಟ್ಟೆ. ಓದಿದ. ಮಷೀನು ನಿಲ್ಲಿಸಿ ಮತ್ತೊಮ್ಮೆ ಓದಿದ.

“ಎರಡನೇ ಸಲಾನೂ ಹೋಯ್ತು ಅಂದಾಗ ನನ್ ತಲೇಲಿ ಏನೂ ಇಲ್ಲ ಅಂತ ನಾನೇ ಒಪ್ಕೊಂಡ್ಬುಟ್ಟಿದ್ದೆ” ಅಂದ. ಆಮೇಲೆ: “ಈಗ ಕೆಲ್ಸ ಸಿಗ್ತದಾ?”

ಅದನ್ನು ನಾನು ಕೇಳಿಕೊಂಡೇ ಹೋಗಿದ್ದೆ. ನೇಮಕಕ್ಕೆ ಇದ್ದ ವಯಸ್ಸಿನ ಮಿತಿ ಅವನಿಗೆ ಹಿಂದಿನ ವರ್ಷವೇ ದಾಟಿತ್ತು. ಹೇಳಿದೆ.

“ಯಾರ್ ಮಾಡಿದ್ದಮ್ಮ ಈ ತಪ್ಪು?”

ಪುಟ್ಟತಾಯಮ್ಮ ನನಗೆ ಅಡ್ಡ ಬರಲು ಬಾಯಿ ತೆರೆದಳು. “ನಾನು” ಅಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೇಗಾಯಿತು ಅಂತ ಕೇಳಿದ. ಅವನ ಕಾರ್ಡು ಹೋದ ದಾರಿಯನ್ನು ಒಂದು ಹಾಳೆಯಲ್ಲಿ ಎಳೆದು ತಂದಿದ್ದೆ. ಹಿಟ್ಟಿನ ಡಬ್ಬದ ಮೇಲೆ ಹರಡಿ ತೋರಿಸಿದೆ. ಬಗ್ಗಿ ಗಮನವಿಟ್ಟು ನೋಡಿದ.

“ಹಂಗಾರೆ ನನ್ ಮಾರ್ಕ್ಸ್ ಓದ್ಲೇ ಇಲ್ವಾ?”

“ಓದಲೇ ಇಲ್ಲ.”

“ಎಷ್ಟು ಬಂದಿತ್ತು?”

“ಅರವತ್ತೆಂಟು.”

“ಅರವತ್ತೆಂಟು” ಅಂತ ತನಗೆ ತಾನೇ ಹೇಳಿಕೊಂಡ. “ಮನೆ ಇಲ್ಲೇ ಹಿಂದೆ ಐತೆ. ನನ್ನ ಹೆಂಡ್ತಿಗೆ ಒಂದ್ಸಲ ನೀವೇ ಹೇಳ್ತೀರಾ? ನಾನ್ ಹೇಳಿದ್ರೆ ನಂಬಕ್ಕಿಲ್ಲ.”

ಹೋದೆವು. ಒಂದೇ ಕೋಣೆಯ ಮನೆ. ಆಕೆ ನಾನು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದಳು. ಹಾಳೆಯ ಮೇಲಿನ ಕೆಂಪು ಗೆರೆಯನ್ನು ಒಂದು ಸಲ ನೋಡಿ ಒಳಗೆ ಹೋದಳು. ಸಿಟ್ಟು ಬಂದಿದೆ ಅಂತಲೇ ನಾವಂದುಕೊಂಡೆವು. ಸ್ವಲ್ಪ ಹೊತ್ತಿಗೆ ಕಾಫಿ ತಂದಳು. ನನಗೊಂದು ಲೋಟ ಕೊಟ್ಟಳು, ಪುಟ್ಟತಾಯಮ್ಮನಿಗೊಂದು ಕೊಟ್ಟಳು. ಮೂರನೆಯದನ್ನು ಗಂಡನ ಮುಂದೆ ಹಿಡಿದಳು.

“ತಗಳಿ ಮೇಷ್ಟ್ರೇ” ಅಂದಳು.

ಅವನು ಹಿಟ್ಟಿನ ಕೈಗಳನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಲೋಟ ತೆಗೆದುಕೊಂಡ.